ದಶಲಕ್ಷಣ ಪರ್ವದ ಆಹಾರ ನಿಯಮಗಳು: ಚಿಕ್ಕೋಡಿ–ಅಥಣಿ ಸೀಮೆ

ದಿಗಂಬರ ಜೈನರು ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ಹತ್ತು ದಿನ ಆಚರಿಸುವ ವ್ರತಕಾಲವೇ ದಶಲಕ್ಷಣ ಪರ್ವ. ಪೂಜೆ, ಅಭಿಷೇಕ, ಪ್ರವಚನಗಳ ಜೊತೆಗೆ ಊಟದ ಕಟ್ಟುಪಾಡು ಈ ಪರ್ವದ ಮುಖ್ಯ ಅಂಗ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಜೈನರು ದೊಡ್ಡ ಸಂಖ್ಯೆಯಲ್ಲಿರುವುದರಿಂದ ಅಲ್ಲಿಯ ಹಳ್ಳಿಗಳಲ್ಲಿ ಈ ಹತ್ತು ದಿನ ಅಡುಗೆಮನೆಯ ಕ್ರಮವೇ ಬದಲಾಗುತ್ತದೆ. ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬುದಷ್ಟೇ ಇಲ್ಲಿನ ನಿಯಮವಲ್ಲ. ಹಿಟ್ಟು ಬೀಸಿ ಎಷ್ಟು ದಿನವಾಯಿತು, ನೀರು ಸೋಸಿ ಎಷ್ಟು ಹೊತ್ತಾಯಿತು, ಸೂರ್ಯ ಮುಳುಗಲು ಇನ್ನೆಷ್ಟು ಸಮಯವಿದೆ ಎಂಬ ಲೆಕ್ಕವೂ ಅಷ್ಟೇ ಮುಖ್ಯ.

ನೆಲೆ ಮತ್ತು ಸಮುದಾಯ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜೈನರ ಸಂಖ್ಯೆ ಸುಮಾರು 4.4 ಲಕ್ಷ. ರಾಜ್ಯದ ಜಿಲ್ಲೆಗಳ ಪೈಕಿ ಬೆಳಗಾವಿಯಲ್ಲಿ ಅವರ ಸಂಖ್ಯೆ ಹೆಚ್ಚು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಈ ಸೀಮೆಯ ಜೈನರಲ್ಲಿ ಬಹುಪಾಲು ಜನ ಚತುರ್ಥ ಮತ್ತು ಪಂಚಮ ಪಂಗಡಗಳ ದಿಗಂಬರರು. ಉತ್ತರ ಭಾರತದ ನಗರಗಳಲ್ಲಿ ಜೈನರೆಂದರೆ ವ್ಯಾಪಾರಿಗಳು ಎಂಬ ಭಾವನೆಯಿದೆ. ಇಲ್ಲಿ ಅವರು ಕಬ್ಬು, ಜೋಳ, ಶೇಂಗಾ, ಅರಿಸಿನ, ತಂಬಾಕು ಬೆಳೆಯುವ ಒಕ್ಕಲಿಗರು. ಬಸದಿಯ ಪೂಜೆ ಉಪಾಧ್ಯೆ ಮನೆತನದವರದು. ಮನೆಮಾತು ಕನ್ನಡ, ನಿಪ್ಪಾಣಿಯ ಕಡೆ ಮರಾಠಿಯೂ ಉಂಟು.

ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಯನ್ನು ಮತ್ತೆ ಊರ್ಜಿತಗೊಳಿಸಿದ ಆಚಾರ್ಯರಲ್ಲಿ ಹಲವರು ಈ ಸೀಮೆಯವರು. ಚಾರಿತ್ರ ಚಕ್ರವರ್ತಿ ಎಂದು ಹೆಸರಾದ ಆಚಾರ್ಯ ಶಾಂತಿಸಾಗರರು (1872–1955) ದೂಧಗಂಗಾ–ವೇದಗಂಗಾ ಸಂಗಮದ ಭೋಜ ಗ್ರಾಮದ ಪಾಟೀಲ ಮನೆತನದವರು. ಆಚಾರ್ಯ ದೇಶಭೂಷಣರ ಹುಟ್ಟೂರು ಚಿಕ್ಕೋಡಿ ತಾಲೂಕಿನ ಕೋಥಳಿ. ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಜನಿಸಿದರು. ಜೈನ ಗ್ರಂಥಗಳ ಸಂಪಾದನೆಗೆ ಹೆಸರಾದ ಎ.ಎನ್. ಉಪಾಧ್ಯೆ (1906–1975) ಅವರ ಊರೂ ಸದಲಗಾವೇ. ನಿಪ್ಪಾಣಿ ಬಳಿಯ ತವನಿಧಿ ಕ್ಷೇತ್ರ ಈ ಭಾಗದ ಜೈನರ ಮುಖ್ಯ ಯಾತ್ರಾಸ್ಥಳ. ಒಕ್ಕಲುತನ ಮಾಡುವ ಶ್ರಾವಕರು, ಅಂದರೆ ಗೃಹಸ್ಥ ಜೈನರು ಒಂದೆಡೆ, ಅವರ ಮನೆಗಳಿಂದಲೇ ಹೊರಟ ಮುನಿಗಳು ಇನ್ನೊಂದೆಡೆ. ಈ ಎರಡರ ನಡುವಿನ ಹತ್ತಿರದ ನಂಟಿನಿಂದಾಗಿ ಇಲ್ಲಿ ಆಹಾರದ ನಿಯಮ ಗ್ರಂಥಗಳಲ್ಲಿ ಉಳಿಯದೆ ಮನೆಮನೆಯ ರೂಢಿಯಾಗಿದೆ.

ಪರ್ವದ ಕಾಲ

ಆಷಾಢ ಶುದ್ಧ ಚತುರ್ದಶಿಯ ಸುಮಾರಿಗೆ ಚಾತುರ್ಮಾಸ ಆರಂಭವಾಗಿ ದೀಪಾವಳಿಯ ಅಮಾವಾಸ್ಯೆಯವರೆಗೆ ನಡೆಯುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ ಮುನಿಗಳು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ನೆಲೆಸುತ್ತಾರೆ. ಈ ಅವಧಿಯ ನಡುವೆ ಬರುವ ಭಾದ್ರಪದ ವ್ರತಗಳ ತಿಂಗಳು. ಷೋಡಶಕಾರಣ ವ್ರತ, ಪಂಚಮಿಯಿಂದ ನವಮಿಯವರೆಗಿನ ಪುಷ್ಪಾಂಜಲಿ, ಶುದ್ಧ ದಶಮಿಯ ಸುಗಂಧ ದಶಮಿ, ತ್ರಯೋದಶಿಯಿಂದ ಹುಣ್ಣಿಮೆಯವರೆಗಿನ ರತ್ನತ್ರಯ ವ್ರತ, ಚತುರ್ದಶಿಯ ಅನಂತ ನೋಂಪಿ ಎಲ್ಲವೂ ಈ ತಿಂಗಳಲ್ಲೇ ಬರುತ್ತವೆ.

ದಶಲಕ್ಷಣದ ಒಂದೊಂದು ದಿನ ಒಂದೊಂದು ಧರ್ಮಕ್ಕೆ ಮೀಸಲು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಕ್ರಮದಂತೆ ಅವು ಕ್ಷಮೆ, ಮಾರ್ದವ, ಆರ್ಜವ, ಶೌಚ, ಸತ್ಯ, ಸಂಯಮ, ತಪ, ತ್ಯಾಗ, ಆಕಿಂಚನ್ಯ ಮತ್ತು ಬ್ರಹ್ಮಚರ್ಯ. ಶ್ವೇತಾಂಬರರ ಎಂಟು ದಿನಗಳ ಪರ್ಯುಷಣ ಮುಗಿಯುವ ಹೊತ್ತಿಗೆ ದಿಗಂಬರರ ಈ ಪರ್ವ ಆರಂಭವಾಗುತ್ತದೆ. ಗಣೇಶ ಚತುರ್ಥಿಯ ಮರುದಿನವೇ ಪರ್ವ ಶುರುವಾಗುವುದರಿಂದ ಓಣಿಯ ಒಂದು ಮನೆಯಲ್ಲಿ ಕಡುಬು ಕರಿಯುತ್ತಿದ್ದರೆ ಪಕ್ಕದ ಮನೆಯಲ್ಲಿ ಒಂದೇ ಹೊತ್ತು ಉಣ್ಣುವ ಒಪ್ಪತ್ತು ಹಿಡಿದಿರುತ್ತಾರೆ. ಶಾಂತಿಸಾಗರರ ಪುಣ್ಯತಿಥಿ ಭಾದ್ರಪದ ಶುದ್ಧ ದ್ವಿತೀಯಾ, ಅಂದರೆ ಪರ್ವಕ್ಕೆ ಮೂರು ದಿನ ಮೊದಲು.

ನಿಯಮದ ತಳಹದಿ

ಎಲ್ಲ ನಿಯಮಗಳ ಮೂಲ ಅಹಿಂಸೆ. ಜೈನ ಜೀವಶಾಸ್ತ್ರವು ಜೀವಿಗಳನ್ನು ಒಂದು ಇಂದ್ರಿಯದಿಂದ ಐದು ಇಂದ್ರಿಯಗಳವರೆಗೆ ವಿಂಗಡಿಸುತ್ತದೆ. ಸಸ್ಯ, ನೀರು, ಗಾಳಿ, ಬೆಂಕಿ, ಮಣ್ಣು ಏಕೇಂದ್ರಿಯ ಜೀವಗಳು. ಅವುಗಳ ಹಿಂಸೆಯನ್ನು ಗೃಹಸ್ಥನು ಪೂರ್ತಿ ಬಿಡಲಾರ. ಆದಷ್ಟು ಕಡಿಮೆ ಮಾಡಬೇಕು. ಚಲಿಸುವ ತ್ರಸ ಜೀವಗಳ ಹಿಂಸೆಯನ್ನು ಮಾತ್ರ ತಿಳಿದು ಮಾಡಕೂಡದು.

ನೆಲ ಉಳುವ ರೈತ ಅಹಿಂಸೆಯನ್ನು ಪಾಲಿಸುವುದು ಹೇಗೆ ಎಂಬ ಪ್ರಶ್ನೆಗೆ ಗೃಹಸ್ಥರ ನಡತೆಯನ್ನು ಹೇಳುವ ಶ್ರಾವಕಾಚಾರದಲ್ಲಿ ಉತ್ತರವಿದೆ. ಹಿಂಸೆಯಲ್ಲಿ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆ. ಬೇಸಾಯದಲ್ಲಿ ಆಗುವುದು ಉದ್ಯೋಗಿ ಹಿಂಸೆ, ಅಡುಗೆಯಲ್ಲಿ ಆಗುವುದು ಆರಂಭಿ ಹಿಂಸೆ. ಗೃಹಸ್ಥನಿಗೆ ಕಡ್ಡಾಯವಾಗಿ ನಿಷಿದ್ಧವಾದದ್ದು ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ. ಆದಿಪುರಾಣದಲ್ಲಿ ಮೊದಲ ತೀರ್ಥಂಕರ ಆದಿನಾಥನು ಜನರಿಗೆ ಕಲಿಸಿದ ಆರು ಕಸುಬುಗಳಲ್ಲಿ ಕೃಷಿಯೂ ಒಂದು. ಹೀಗಾಗಿ ಹೊಲದಲ್ಲಿ ಗಡ್ಡೆ ಬೆಳೆದ ಒಕ್ಕಲಿಗ ಪರ್ವದಲ್ಲಿ ಅದನ್ನು ಬಾಯಿಗೆ ಹಾಕದೆ ಇರುವುದು ಇಲ್ಲಿ ವಿಚಿತ್ರವೆನಿಸುವುದಿಲ್ಲ.

ವರ್ಜ್ಯ ಪದಾರ್ಥಗಳು

ಮದ್ಯ, ಮಾಂಸ, ಜೇನು ಮತ್ತು ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಐದು ಜಾತಿಯ ಹಣ್ಣುಗಳನ್ನು ಬಿಡುವುದು ಶ್ರಾವಕನ ಎಂಟು ಮೂಲಗುಣ. ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯ ಇವನ್ನು ವಿವರಿಸುತ್ತದೆ. ಇವು ಪರ್ವಕ್ಕೆ ಮಾತ್ರವಲ್ಲ, ವರ್ಷವಿಡೀ ಅನ್ವಯಿಸುವ ನಿಯಮಗಳು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಲಾಭ ಕಡಿಮೆ, ಜೀವಹಾನಿ ಹೆಚ್ಚು ಎಂಬ ಕಾರಣಕ್ಕೆ ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂವು, ಕೇದಗೆಗಳನ್ನು ಬಿಡಲು ಹೇಳುತ್ತದೆ.

ಪರ್ವದಲ್ಲಿ ಬಿಗಿಯಾಗುವುದು ಕಂದಮೂಲದ ನಿಷೇಧ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ, ಮೂಲಂಗಿ, ಗೆಣಸು, ಬೀಟ್‌ರೂಟ್‌ ಇವೆಲ್ಲ ಒಂದೇ ದೇಹದಲ್ಲಿ ಅನಂತ ಜೀವಗಳಿರುವ ಅನಂತಕಾಯಗಳು. ಈ ಸೀಮೆಯ ಅನೇಕ ಮನೆಗಳಲ್ಲಿ ಇತರ ದಿನಗಳಲ್ಲಿ ಉಳ್ಳಾಗಡ್ಡಿ, ಬಟಾಟಿಯ ಬಳಕೆಯುಂಟು. ಕೆಲವರು ಚಾತುರ್ಮಾಸಕ್ಕೆ, ಉಳಿದವರು ದಶಲಕ್ಷಣಕ್ಕೆ ಬಿಡುತ್ತಾರೆ. ಆಜೀವ ತ್ಯಾಗ ಮಾಡಿದ ಮನೆಗಳೂ ಇವೆ. ಹಸಿಶುಂಠಿ, ಹಸಿ ಅರಿಸಿನ ಬಾರದು. ಒಣಗಿಸಿದ ಶುಂಠಿ, ಅರಿಸಿನಪುಡಿ ನಡೆಯುತ್ತವೆ. ಒಣಗಿದ ಮೇಲೆ ಅವುಗಳಲ್ಲಿ ಜೀವವಿಲ್ಲ ಎಂಬುದು ಕಾರಣ. ಶೇಂಗಾ ಮಣ್ಣೊಳಗೆ ಬಲಿತರೂ ಬೀಜವೇ ಹೊರತು ಗಡ್ಡೆಯಲ್ಲ. ಹಾಗಾಗಿ ಅದಕ್ಕೆ ನಿಷೇಧವಿಲ್ಲ.

ಬೀಜ ಹೆಚ್ಚೆಂದು ಬದನೆಕಾಯಿ, ಹುಳುವಿನ ಭಯದಿಂದ ಹೂಕೋಸು ಮತ್ತು ಮಳೆಗಾಲದ ಸೊಪ್ಪುಗಳು ಬಿಟ್ಟುಹೋಗುತ್ತವೆ. ಉತ್ತರ ಕರ್ನಾಟಕದ ನಿತ್ಯದ ಊಟದಲ್ಲಿರುವ ಮೊಳಕೆಕಾಳಿನ ಪಲ್ಯವನ್ನು ಕಟ್ಟುನಿಟ್ಟಿನ ಮನೆಗಳಲ್ಲಿ ಮಾಡುವುದಿಲ್ಲ. ಬೇಳೆಕಾಳನ್ನು ಹಸಿ ಹಾಲು, ಮೊಸರು, ಮಜ್ಜಿಗೆಯೊಂದಿಗೆ ಬೆರೆಸಿದರೆ ದ್ವಿದಳ ದೋಷ. ಕಡಲೆಹಿಟ್ಟು ಕಲಸಿದ ಮಜ್ಜಿಗೆಸಾರು ಪರ್ವದ ಎಲೆಗೆ ಬರದಿರುವುದು ಇದರಿಂದಲೇ. ಬ್ರೆಡ್‌, ಖಾರಿ, ಉಪ್ಪಿನಕಾಯಿ, ರಾತ್ರಿ ನೆನೆದು ಹುದುಗಿದ ಇಡ್ಲಿಹಿಟ್ಟು ಸಹ ವರ್ಜ್ಯ.

ಮರ್ಯಾದೆ

ಒಂದು ಪದಾರ್ಥ ಎಷ್ಟು ಕಾಲ ಊಟಕ್ಕೆ ಯೋಗ್ಯ ಎಂಬ ಗಡುವನ್ನು ಜೈನ ಪರಿಭಾಷೆಯಲ್ಲಿ ಮರ್ಯಾದೆ ಎನ್ನುತ್ತಾರೆ. ಬೀಸಿದ ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಗಾಳಿಯ ತೇವ ಹೆಚ್ಚಿದಷ್ಟೂ ಜೀವೋತ್ಪತ್ತಿ ಬೇಗ ಎಂಬ ಲೆಕ್ಕ ಇದು. ಕರೆದ ಹಾಲನ್ನು ಸೋಸಿ 48 ನಿಮಿಷದೊಳಗೆ, ಅಂದರೆ ಒಂದು ಮುಹೂರ್ತದೊಳಗೆ ಕಾಯಿಸಬೇಕು. ಕಾಯಿಸಿದ ಹಾಲಿಗೂ ಮೊಸರಿಗೂ 24 ಗಂಟೆಯ ಮರ್ಯಾದೆ. ಬೆಣ್ಣೆಯನ್ನು ತೆಗೆದ ಕೂಡಲೇ ಕಾಯಿಸಿ ತುಪ್ಪ ಮಾಡಬೇಕು.

ಈ ಗಡುವಿನಿಂದ ಮನೆಯ ಕೆಲಸ ಹೆಚ್ಚುತ್ತದೆ. ಇತರ ದಿನಗಳಲ್ಲಿ ಚೀಲಗಟ್ಟಲೆ ಜೋಳ, ಗೋದಿ ಗಿರಣಿಗೆ ಹೋಗಿ ವಾರಗಟ್ಟಲೆ ಹಿಟ್ಟು ಡಬ್ಬಿಯಲ್ಲಿರುತ್ತದೆ. ಪರ್ವದಲ್ಲಿ ಹಾಗಾಗದು. ಕಾಳು ಹಸನು ಮಾಡಿ, ತೊಳೆದು, ಬಿಸಿಲಿಗೆ ಒಣಗಿಸಿ, ಮೂರು ದಿನಕ್ಕೆ ಸಾಕಾಗುವಷ್ಟನ್ನೇ ಬೀಸಿಸಬೇಕು. ಹತ್ತು ದಿನದಲ್ಲಿ ಮೂರು ನಾಲ್ಕು ಸಲ ಈ ಕೆಲಸ. ಗಿರಣಿಯ ಕಲ್ಲಿನಲ್ಲಿ ಹಿಂದಿನವರ ಹಳೆಯ ಹಿಟ್ಟು ಉಳಿದಿರುತ್ತದೆಂದು ಕಟ್ಟುನಿಟ್ಟಿನವರು ಮನೆಯ ಬೀಸುಕಲ್ಲನ್ನೋ ಸಣ್ಣ ವಿದ್ಯುತ್‌ ಗಿರಣಿಯನ್ನೋ ಬಳಸುತ್ತಾರೆ. ಮಳೆ ಹಿಡಿದು ಕಾಳು ಒಣಗದಿದ್ದರೆ ಅಂದು ರೊಟ್ಟಿಯ ಬದಲು ಅನ್ನಕ್ಕೆ ಹೊಂದಿಕೊಳ್ಳಬೇಕು.

ಹಗಲಿನ ಗಡುವು ಇದಕ್ಕಿಂತ ಬಿಗಿ. ಸೂರ್ಯಾಸ್ತದ ನಂತರ ಉಣ್ಣದಿರುವುದು ಸಾಮಾನ್ಯ ನಿಯಮ. ಸೂರ್ಯೋದಯದ ಬಳಿಕ 48 ನಿಮಿಷ ಮತ್ತು ಸೂರ್ಯಾಸ್ತದ ಮೊದಲಿನ 48 ನಿಮಿಷವನ್ನೂ ಬಿಡುವುದು ವ್ರತಿಗಳ ಕ್ರಮ. ಪರ್ವದ ದಿನಗಳಲ್ಲಿ ಈ ಭಾಗದಲ್ಲಿ ಸೂರ್ಯ ಸಂಜೆ 6.30ರ ಆಸುಪಾಸಿನಲ್ಲಿ ಮುಳುಗುತ್ತಾನೆ. ಹಾಗಾಗಿ ವ್ರತಿಗಳ ಮನೆಯಲ್ಲಿ 5.45ರೊಳಗೆ ಒಲೆ ಆರುತ್ತದೆ. ಹೊಲದಿಂದ ತಡವಾಗಿ ಬಂದವರು ಹಸಿದೇ ಮಲಗುವುದು ಪರ್ವದಲ್ಲಿ ಹೊಸತಲ್ಲ.

ನೀರು

ಸೋಸದ ನೀರು ಕುಡಿಯುವಂತಿಲ್ಲ, ಅಡುಗೆಗೂ ಬಳಸುವಂತಿಲ್ಲ. ದಪ್ಪ ನೂಲಿನ ಅರಿವೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುತ್ತಾರೆ. ಶಾಸ್ತ್ರದಲ್ಲಿ ಈ ಬಟ್ಟೆಯ ಅಳತೆಯೂ ಉಂಟು: 36 ಅಂಗುಲ ಉದ್ದ, 24 ಅಂಗುಲ ಅಗಲ. ಸೋಸಿದ ನೀರಿನ ಮರ್ಯಾದೆ 48 ನಿಮಿಷ. ಲವಂಗದ ಪುಡಿಯಂಥ ಪದಾರ್ಥ ಬೆರೆಸಿ ಬಣ್ಣ, ರುಚಿ ಬದಲಿಸಿದರೆ 6 ಗಂಟೆ. ಕುದಿಸಿದರೆ 24 ಗಂಟೆ.

ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಜಾಡಿಸಿ ಚೆಲ್ಲಬಾರದು. ಸೋಸಿದ ನೀರನ್ನೇ ಬಟ್ಟೆಯ ಮೇಲೆ ಹಾಕಿ ಅವುಗಳನ್ನು ಪಾತ್ರೆಗೆ ಇಳಿಸಿ, ಯಾವ ಬಾವಿಯ ನೀರೋ ಅದೇ ಬಾವಿಗೆ ಮೆಲ್ಲಗೆ ಮರಳಿಸಬೇಕು. ಇದಕ್ಕೆ ಜೀವಾಣಿ ಎನ್ನುತ್ತಾರೆ. ನಿಯಮದ ಅರ್ಧಭಾಗ ಇದು. ಕೊಳವೆಬಾವಿ, ನಳದ ನೀರಿನಲ್ಲಿ ಇದು ಸಾಧ್ಯವಾಗದ ಕಾರಣ ವ್ರತಿಗಳು ಮತ್ತು ಮುನಿಗಳಿಗೆ ಅಡುಗೆ ಮಾಡುವವರು ತೆರೆದ ಬಾವಿಯ ನೀರನ್ನೇ ಅರಸುತ್ತಾರೆ.

ಉಪವಾಸದ ಬಗೆಗಳು

ಪರ್ವದಲ್ಲಿ ಎಲ್ಲರೂ ಒಂದೇ ಬಗೆಯ ವ್ರತ ಹಿಡಿಯುವುದಿಲ್ಲ. ವ್ರತಿ ಮೊದಲ ದಿನ ಬಸದಿಯಲ್ಲಿ ಅಥವಾ ಮುನಿಗಳ ಎದುರು ತನ್ನ ಶಕ್ತಿಗೆ ತಕ್ಕ ನಿಯಮ ತೆಗೆದುಕೊಳ್ಳುತ್ತಾನೆ. ಅದನ್ನು ಮುರಿಯದಿರುವುದೇ ಮುಖ್ಯ.

ಉಪವಾಸವೆಂದರೆ ಅನ್ನ ಪಾನಗಳೆರಡನ್ನೂ ಬಿಡುವುದು. ನೀರು ಮಾತ್ರ ಕುಡಿದು ಇರುವವರೂ ಇದ್ದಾರೆ. ಏಕಾಶನ ಅಥವಾ ಒಪ್ಪತ್ತು ಎಂದರೆ ಒಂದೇ ಸಲ, ಕುಳಿತಲ್ಲಿಂದ ಏಳದೆ ಉಣ್ಣುವುದು. ಅವಮೌದರ್ಯವೆಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಈ ಆರರಲ್ಲಿ ಒಂದನ್ನೋ ಹಲವನ್ನೋ ಬಿಡುತ್ತಾರೆ. ರವಿವಾರ ಉಪ್ಪು, ಸೋಮವಾರ ಹಸಿರು ಕಾಯಿಪಲ್ಯ, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಶುಕ್ರವಾರ ಮೊಸರು, ಶನಿವಾರ ಎಣ್ಣೆ ಬಿಡುವ ವಾರದ ಕ್ರಮವೂ ದಿಗಂಬರರಲ್ಲಿ ರೂಢಿಯಲ್ಲಿದೆ. ಹಿಂದಿನ ದಿನ ಒಪ್ಪತ್ತು, ಅಷ್ಟಮಿ ಅಥವಾ ಚತುರ್ದಶಿಯಂದು ಉಪವಾಸ, ಮರುದಿನ ಮತ್ತೆ ಒಪ್ಪತ್ತು ಮಾಡುವುದು ಪ್ರೋಷಧೋಪವಾಸ.

ಹತ್ತೂ ದಿನ ನಿರಾಹಾರ ಇರುವವರಲ್ಲಿ ಹೆಂಗಸರು ಹೆಚ್ಚು. ಬಹುಪಾಲು ಜನ ಪಂಚಮಿ, ಅಷ್ಟಮಿ, ಚತುರ್ದಶಿಗಳಂದು ಉಪವಾಸ ಮಾಡಿ ಉಳಿದ ದಿನ ಒಪ್ಪತ್ತು ಉಣ್ಣುತ್ತಾರೆ. ದಶಲಕ್ಷಣ ವ್ರತವನ್ನು ಹಿಡಿದವರು 10 ವರ್ಷ, ಅನಂತ ನೋಂಪಿ ಹಿಡಿದವರು 14 ವರ್ಷ ನಡೆಸಿ ಉದ್ಯಾಪನೆ ಮಾಡುತ್ತಾರೆ. ಉಪವಾಸದ ಮರುದಿನ ಅದನ್ನು ಮುಗಿಸುವ ಪಾರಣೆ ಬಸದಿಯ ಅಭಿಷೇಕದ ನಂತರ. ತೆಳ್ಳಗಿನ ಗಂಜಿ, ಹೆಸರುಬೇಳೆಯ ಕಟ್ಟು ಮೊದಲಾದ ಹಗುರ ಪದಾರ್ಥಗಳಿಂದ ಹೊಟ್ಟೆಯನ್ನು ಪಳಗಿಸುತ್ತಾರೆ. ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ‘ಉತ್ತಮ ಕ್ಷಮಾ’ ಎಂದು ಒಬ್ಬರಿಗೊಬ್ಬರು ಕೈಮುಗಿದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ.

ನೆರೆಯ ಸಮುದಾಯಗಳ ಉಪವಾಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಏಕಾದಶಿಯಂದು ಈ ಭಾಗದ ಮನೆಗಳಲ್ಲಿ ಸಾಬೂದಾಣಿ ಖಿಚಡಿ, ಬಟಾಟಿ, ಗೆಣಸು ಉಪವಾಸದ ತಿನಿಸು. ಜೈನ ವ್ರತಿಗೆ ಬಟಾಟಿ, ಗೆಣಸು ನಿಷಿದ್ಧ. ಮರಗೆಣಸಿನಿಂದ ತಯಾರಾಗುವ ಸಾಬೂದಾಣಿಯನ್ನೂ ಕಟ್ಟುನಿಟ್ಟಿನವರು ಮುಟ್ಟುವುದಿಲ್ಲ.

ಅಡುಗೆಮನೆಯ ಬದಲಾವಣೆ

ಕೊಲ್ಹಾಪುರ–ಬೆಳಗಾವಿ ಪಟ್ಟಿಯ ಅಡುಗೆಗೆ ಆಧಾರ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿಡುವ ಮಸಾಲಿ ಖಾರ. ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಸೇರಿರುತ್ತವೆ. ತಿಂಗಳುಗಟ್ಟಲೆ ಹಳೆಯದಾದ್ದರಿಂದ ಮರ್ಯಾದೆಯೂ ಮೀರಿರುತ್ತದೆ. ಪರ್ವದಲ್ಲಿ ಆ ಭರಣಿಗೆ ಕೈ ಹಾಕುವುದಿಲ್ಲ. ಒಣಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಎಳ್ಳು ಹುರಿದು ಆಗಿಂದಾಗ್ಗೆ ಪುಡಿ ಮಾಡಿಕೊಳ್ಳುತ್ತಾರೆ. ಬಟಾಟಿಯ ಜಾಗಕ್ಕೆ ಬಾಳೆಕಾಯಿ ಬರುತ್ತದೆ. ಹೀರೇಕಾಯಿ, ಸೋರೆಕಾಯಿ, ತೊಂಡೆಕಾಯಿ, ಹಾಗಲಕಾಯಿ, ಚವಳಿಕಾಯಿಗಳನ್ನು ಹೆಚ್ಚುವಾಗ ಒಂದೊಂದನ್ನೂ ಸೀಳಿ ಒಳಗೆ ಹುಳುವಿಲ್ಲವೆಂದು ನೋಡಿಯೇ ಒಗ್ಗರಣೆಗೆ ಹಾಕುತ್ತಾರೆ. ಹಸಿರನ್ನೂ ಬಿಟ್ಟ ದಿನ ಜೋಳದ ರೊಟ್ಟಿ, ತೊಗರಿಬೇಳೆಯ ಸಾರು, ಶೇಂಗಾ ಚಟ್ನಿ, ಅನ್ನ ಇಷ್ಟರಲ್ಲೇ ಊಟ ಮುಗಿಯುತ್ತದೆ. ಸಮುದ್ರದ ಉಪ್ಪಿನ ಬದಲು ಸೈಂಧವ ಲವಣ ಬಳಸುವ ಮನೆಗಳುಂಟು.

ಮುನಿಗಳ ಆಹಾರ

ಊರಿನಲ್ಲಿ ಮುನಿಗಳ ಚಾತುರ್ಮಾಸವಿದ್ದರೆ ಶ್ರಾವಕರ ನಿಯಮ ಇನ್ನೂ ಬಿಗಿಯಾಗುತ್ತದೆ. ದಿಗಂಬರ ಮುನಿಯ ಆಹಾರ ದಿನಕ್ಕೆ ಒಂದೇ ಸಲ. ನಿಂತುಕೊಂಡು, ಅಂಗೈಗಳನ್ನೇ ಪಾತ್ರೆ ಮಾಡಿಕೊಂಡು ಸ್ವೀಕರಿಸಬೇಕು. ಮುನಿಗೆ ಹೆಚ್ಚೆಂದರೆ 32 ತುತ್ತು, ಆರ್ಯಿಕೆಗೆ, ಅಂದರೆ ಸನ್ಯಾಸಿನಿಗೆ 28. ಇದಕ್ಕಾಗಿ ಮಡಿಯಲ್ಲಿ ಅಡುಗೆ ಮಾಡುವ ಸ್ಥಳವೇ ಚೌಕ.

ಬೆಳಿಗ್ಗೆ ಬಸದಿಯಿಂದ ಹೊರಟ ಮುನಿ ಬಲಗೈ ಬೆರಳುಗಳನ್ನು ಕೂಡಿಸಿ ಹೆಗಲಿಗೆ ತಾಗಿಸಿಕೊಂಡು ಓಣಿಯಲ್ಲಿ ನಡೆಯುತ್ತಾರೆ. ಮನೆಮನೆಯ ಮುಂದೆ ದಂಪತಿಗಳು ಮಡಿಯುಟ್ಟು ಕಲಶ, ತೆಂಗಿನಕಾಯಿ ಹಿಡಿದು ನಿಂತು ‘ನಮೋಸ್ತು, ಅತ್ರ ತಿಷ್ಠ ತಿಷ್ಠ’ ಎಂದು ಕರೆಯುತ್ತಾರೆ. ಮುನಿ ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡಿರುತ್ತಾರೆ: ಕೈಯಲ್ಲಿ ಇಂಥ ಹಣ್ಣು ಹಿಡಿದವರು ಎದುರಾದರೆ ಮಾತ್ರ, ಇಷ್ಟು ಜನ ನಿಂತಿದ್ದರೆ ಮಾತ್ರ ಎಂಬಂತೆ. ಅದು ಕೂಡಿಬರದಿದ್ದರೆ ಅಂದು ಉಪವಾಸವೇ ಗತಿ. ಕೂಡಿಬಂದ ಮನೆಯವರು ಮೂರು ಪ್ರದಕ್ಷಿಣೆ ಹಾಕಿ, ಒಳಗೆ ಕರೆದೊಯ್ದು, ಪಾದ ತೊಳೆದು, ಅರ್ಚಿಸಿ, ಮನ, ವಚನ, ಕಾಯ ಮತ್ತು ಆಹಾರ ಜಲ ಶುದ್ಧವೆಂದು ಬಾಯಿಬಿಟ್ಟು ಹೇಳಬೇಕು. ತಾಟಿನಲ್ಲಿರುವ ಪದಾರ್ಥಗಳನ್ನೆಲ್ಲ ತೋರಿಸುತ್ತಾರೆ. ತ್ಯಜಿಸಿದ್ದನ್ನು ಮುನಿ ಸನ್ನೆಯಿಂದ ತೆಗೆಸುತ್ತಾರೆ. ತುತ್ತಿನಲ್ಲಿ ಕೂದಲೋ ಸತ್ತ ಇರುವೆಯೋ ಕಂಡರೆ ಅಂತರಾಯವಾಯಿತು. ಮೊದಲ ತುತ್ತಾದರೂ ಸರಿ, ಅಂದಿನ ಆಹಾರ, ನೀರು ಅಲ್ಲಿಗೆ ಮುಗಿಯಿತು.

ಈ ಸೀಮೆಯ ಆಚಾರ್ಯರ ತ್ಯಾಗಗಳು ಜನರ ಬಾಯಲ್ಲಿವೆ. ವಿದ್ಯಾಸಾಗರರು ಉಪ್ಪು, ಸಕ್ಕರೆಗಳನ್ನು ಆಜೀವ ಬಿಟ್ಟಿದ್ದರು. 2024ರ ಫೆಬ್ರುವರಿ 18ರಂದು ಛತ್ತೀಸಗಡದ ಡೋಂಗರಗಡದಲ್ಲಿ ಆಹಾರವನ್ನು ಹಂತಹಂತವಾಗಿ ತ್ಯಜಿಸುವ ಸಲ್ಲೇಖನದಿಂದ ದೇಹ ಬಿಟ್ಟರು. ಶಾಂತಿಸಾಗರರು ಆಹಾರತ್ಯಾಗವನ್ನು ಸಾರ್ವಜನಿಕ ಪ್ರತಿಭಟನೆಯಾಗಿಯೂ ಬಳಸಿದರು. ಮುಂಬಯಿ ಪ್ರಾಂತದ ಹರಿಜನ ದೇವಾಲಯ ಪ್ರವೇಶ ಕಾಯಿದೆಯನ್ನು ಜೈನ ಬಸದಿಗಳಿಗೆ ಅನ್ವಯಿಸುವುದನ್ನು ವಿರೋಧಿಸಿ 1948ರಿಂದ 1951ರವರೆಗೆ ಧಾನ್ಯ ತ್ಯಜಿಸಿ, ಉಚ್ಚ ನ್ಯಾಯಾಲಯದ ತೀರ್ಪಿನ ನಂತರ ಮತ್ತೆ ಸ್ವೀಕರಿಸಿದರು. 1955ರ ಸೆಪ್ಟೆಂಬರ್‌ 18ರಂದು ಕುಂಥಲಗಿರಿಯಲ್ಲಿ ಅವರ ಸಲ್ಲೇಖನ ಪೂರ್ಣವಾಯಿತು.

ಇತರ ಸಂಪ್ರದಾಯಗಳೊಂದಿಗೆ ಹೋಲಿಕೆ

ಗೊತ್ತಾದ ದಿನಗಳಲ್ಲಿ ಅಡುಗೆಮನೆಯನ್ನೇ ಶುದ್ಧಗೊಳಿಸುವ ಪದ್ಧತಿ ಯೆಹೂದ್ಯರ ಪಾಸ್ಕ ಹಬ್ಬದಲ್ಲೂ ಇದೆ. ನಿಸಾನ್‌ ತಿಂಗಳ 15ರಿಂದ ಇಸ್ರೇಲಿನಲ್ಲಿ 7 ದಿನ, ಹೊರಗೆ 8 ದಿನ ಅವರು ಹುದುಗಿದ ಧಾನ್ಯ ತಿನ್ನುವುದಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಗೋದಿ, ಜವೆ, ಓಟ್ಸ್‌, ರೈ, ಸ್ಪೆಲ್ಟ್‌ ಎಂಬ ಐದು ಧಾನ್ಯಗಳ ಹಿಟ್ಟಿಗೆ ನೀರು ತಾಗಿದ 18 ನಿಮಿಷದೊಳಗೆ ಬೇಯಿಸಿದ ಮಾತ್ಸಾ ರೊಟ್ಟಿಯನ್ನಷ್ಟೇ ತಿನ್ನುತ್ತಾರೆ. ಅಕ್ಕಿ ಮತ್ತು ಬೇಳೆಕಾಳುಗಳನ್ನು ಯೂರೋಪಿನ ಅಶ್ಕೆನಾಜಿ ಯೆಹೂದ್ಯರು ಬಿಡುತ್ತ ಬಂದಿದ್ದಾರೆ; ಸೆಫಾರ್ದಿಗಳಲ್ಲಿ ಅನೇಕರು ತಿನ್ನುತ್ತಾರೆ. ಘಟ್ಟದಾಚೆ ಕೊಂಕಣದಲ್ಲಿ ಗಾಣದ ಕಸುಬಿನವರಾಗಿ ನೆಲೆಸಿ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಶನಿವಾರ ತೇಲಿ ಎನಿಸಿಕೊಂಡ ಬೆನೆ ಇಸ್ರೇಲರು ಈ ಹಬ್ಬವನ್ನು ಹುಳಿಯ ಪಾತ್ರೆ ಮುಚ್ಚಿಡುವ ಹಬ್ಬವಾಗಿ ಆಚರಿಸುತ್ತಿದ್ದರು.

ಎರಡೂ ಕಡೆ ನಿಮಿಷದ ಲೆಕ್ಕವಿದೆ, ಹುದುಗಿನ ಬಗ್ಗೆ ಎಚ್ಚರವಿದೆ, ಯಾವ ಕಾಳು ಯಾವ ಗುಂಪಿಗೆ ಎಂಬ ಚರ್ಚೆಯಿದೆ. ಕಾರಣಗಳು ಬೇರೆ. ಪಾಸ್ಕದ್ದು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಸ್ಮರಣೆ. ನಿಯಮ ಇಡೀ ಸಮುದಾಯಕ್ಕೆ ಒಟ್ಟಾಗಿ ವಿಧಿಸಿದ ಕಟ್ಟಳೆ. ದಶಲಕ್ಷಣದಲ್ಲಿ ಯಾವ ಐತಿಹಾಸಿಕ ಘಟನೆಯ ನೆನಪೂ ಇಲ್ಲ. ಜೀವದಯೆ ಮತ್ತು ಕರ್ಮಕ್ಷಯ ಅದರ ಗುರಿ. ಮೂಲಗುಣದ ಮೇಲಿನ ಮೆಟ್ಟಿಲುಗಳನ್ನು ಎಷ್ಟು ಏರಬೇಕೆಂಬುದು ಒಬ್ಬೊಬ್ಬರ ಸಂಕಲ್ಪಕ್ಕೆ ಬಿಟ್ಟದ್ದು.

ಇಂದಿನ ಸ್ಥಿತಿ

ಹಿಟ್ಟು, ಹಾಲು, ನೀರಿನ ಮರ್ಯಾದೆಗಳು ಮನೆಯಲ್ಲಿ ಎಮ್ಮೆ, ಹಿತ್ತಲಲ್ಲಿ ಬಾವಿ, ಪಡಸಾಲೆಯಲ್ಲಿ ಬೀಸುಕಲ್ಲು ಇದ್ದ ಕಾಲದವು. ಪ್ಯಾಕೆಟ್‌ ಹಾಲನ್ನು ಯಾವಾಗ ಕರೆದರು, ಅಂಗಡಿಯ ಹಿಟ್ಟನ್ನು ಯಾವಾಗ ಬೀಸಿದರು ಎಂಬುದು ವ್ರತಿಗೆ ಬೇಕಾದ ಮಾಹಿತಿ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಪದಾರ್ಥ ಸಸ್ಯಾಹಾರವೆಂದಷ್ಟೇ ತಿಳಿಸುತ್ತದೆ. ಒಳಗೆ ಗಡ್ಡೆಯಿದೆಯೇ ಎಂದಾಗಲಿ, ಮರ್ಯಾದೆ ಮೀರಿದೆಯೇ ಎಂದಾಗಲಿ ಹೇಳುವುದಿಲ್ಲ. ಹೋಟೆಲುಗಳ ‘ಜೈನ್‌’ ಊಟದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇರುವುದಿಲ್ಲ; ಸೋಸಿದ ನೀರು, ಮೂರು ದಿನದ ಹಿಟ್ಟಿನ ಖಾತರಿ ಅಲ್ಲಿ ಸಿಗದು.

ಪುಣೆ, ಬೆಂಗಳೂರುಗಳಲ್ಲಿ ಕೆಲಸಕ್ಕಿರುವವರಿಗೆ ಸಂಜೆ 5.45ರ ಗಡುವು ಪಾಲಿಸುವುದೇ ಕಷ್ಟ. ಅಂಥವರು ಒಪ್ಪತ್ತು ಹಿಡಿದು ಮಧ್ಯಾಹ್ನವೇ ಊಟ ಮುಗಿಸುತ್ತಾರೆ, ಇಲ್ಲವೆ ಕಂದಮೂಲ ತ್ಯಾಗ, ರಾತ್ರಿಭೋಜನ ತ್ಯಾಗ ಎರಡಕ್ಕೇ ನಿಯಮವನ್ನು ಸೀಮಿತಗೊಳಿಸಿಕೊಳ್ಳುತ್ತಾರೆ. ಅನಂತ ಚತುರ್ದಶಿಯ ಉಪವಾಸಕ್ಕೆ ಊರಿಗೆ ಬರುವವರೂ ಇದ್ದಾರೆ. ಹಳ್ಳಿಗಳಲ್ಲಿ ಚೌಕ ನಡೆಸುವ ಮನೆಗಳು ಮಾತ್ರ ಎಲ್ಲ ಮರ್ಯಾದೆಗಳನ್ನೂ ಪೂರ್ತಿಯಾಗಿ ಪಾಲಿಸುತ್ತಿವೆ. ಹತ್ತು ದಿನ ನೀರಷ್ಟೇ ಕುಡಿದವರಿಗೂ ಉಳ್ಳಾಗಡ್ಡಿಯೊಂದನ್ನೇ ಬಿಟ್ಟವರಿಗೂ ಒಂದೇ ಪರ್ವದಲ್ಲಿ ಜಾಗವಿರುವುದು ಅದರ ರಚನೆಯಲ್ಲೇ ಇರುವ ಗುಣ. ಎಮ್ಮೆ, ಬಾವಿ, ಬೀಸುಕಲ್ಲುಗಳು ಮರೆಯಾದ ಮನೆಗಳಲ್ಲೂ ಪರ್ವ ಉಳಿದುಬರಲು ಈ ಸಡಿಲು ದೊಡ್ಡ ಕಾರಣ.